ಕಾಸರಗೋಡಿನಲ್ಲೊಂದು ಫ್ರೆಂಚ್ ತರಗತಿ: 48 ಗಂಟೆ ಬೆಂಚಿನಲ್ಲಿ, ಉಳಿದದ್ದು ರೈಲಿನಲ್ಲಿ

ಕಾಸರಗೋಡಿನ ಹಳೆ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಶನಿವಾರ ಮತ್ತು ಭಾನುವಾರ ನಡೆಯುವ ಆರಂಭಿಕ ಫ್ರೆಂಚ್ ತರಗತಿಗೆ ನನ್ನ ಮಗಳು ಕಳೆದ ಹದಿನಾರು ವಾರಗಳ ಕಾಲ ಹೋದಳು; ಹಿಂದಿನ ಬೆಂಚು ಖಾಲಿ ಇದ್ದುದರಿಂದ ಅರ್ಧ ಶುಲ್ಕ ಕೊಟ್ಟು ನಾನೂ ಕುಳಿತೆ. ಅವಳ ಶುಲ್ಕ 8,000 ರೂಪಾಯಿ, ನನ್ನದು 4,000. ಅಷ್ಟು ಹಣಕ್ಕೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ. ತರಗತಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ಆಕ್ಷೇಪಗಳನ್ನು ನಡೆಸುವವರ ಎದುರಿಗೇ ಹೇಳಿಯಾಗಿದೆ, ಅವುಗಳನ್ನು ಊರಿಗೆಲ್ಲ ಸಾರುವ ಉದ್ದೇಶ ನನಗಿಲ್ಲ. ಆದರೆ ಫ್ರೆಂಚ್ ವಿಷಯದಲ್ಲಿ ಸೋತು ಕುಳಿತ ಮಕ್ಕಳು ನಮ್ಮ ಕಡೆ ಈಗ ಹಲವರಿದ್ದಾರೆ. ಇಂತಹ ತರಗತಿಯಲ್ಲಿ ಏನನ್ನು ನೋಡಿ ಹಣ ಕಟ್ಟಬೇಕು ಎಂಬುದು ಅವರ ಹೆತ್ತವರಿಗೆ ತಿಳಿದಿದ್ದರೆ ಒಳ್ಳೆಯದು.

ಮಗಳು ಕುಂಬಳೆಯಿಂದ ದಿನಾಲೂ ರೈಲಿನಲ್ಲಿ ಮಂಗಳೂರಿಗೆ ಹೋಗಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಯುತ್ತಾಳೆ. ಅಡುಗೆಮನೆಯ ಭಾಷೆಯೇ ಫ್ರೆಂಚ್ ಆಗಿರುವ ಆ ಓದಿನಲ್ಲಿ ಫ್ರೆಂಚ್ ಒಂದು ಕಡ್ಡಾಯ ವಿಷಯ. ಮೊದಲ ಆಂತರಿಕ ಪರೀಕ್ಷೆಯಲ್ಲಿ ಅವಳಿಗೆ 50ಕ್ಕೆ 14 ಅಂಕ ಬಂತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಲ್ಲ ವಿಷಯದಲ್ಲೂ ಎ ಪ್ಲಸ್ ತಂದ ಹುಡುಗಿ ಅಂದು ಊಟ ಮಾಡದೆ ಮಲಗಿದಳು. ಮರುದಿನ ಅವಳ ಫ್ರೆಂಚ್ ಪುಸ್ತಕವನ್ನು ತೆರೆದು ನೋಡಿದಾಗ ಕಾರಣ ಎದುರಿಗೇ ಕಂಡಿತು. ಇನ್ನೂರು ಪುಟದ ಪುಸ್ತಕದ ತುಂಬ ಕ್ರಿಯಾಪದಗಳ ಪಟ್ಟಿಯನ್ನು ಹತ್ತು ಹತ್ತು ಸಲ ನಕಲು ಮಾಡಿದ್ದಳು, ಪ್ರತಿ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರದ ಉಚ್ಚಾರವಿತ್ತು, ಅರ್ಥವೆಲ್ಲ ಇಂಗ್ಲಿಷಿನಲ್ಲಿತ್ತು. ಮೂವತ್ತು ವರ್ಷ ಕನ್ನಡ ಮಾಷ್ಟ್ರಾಗಿದ್ದ ನಾನೇ ಮಕ್ಕಳಿಗೆ ತಪ್ಪಿಗೆ ಹತ್ತು ಸಲ ಬರೆಯುವ ಶಿಕ್ಷೆ ಕೊಟ್ಟವನು. ಬರೆಯುವಾಗ ಕೈ ಮಾತ್ರ ಓಡುತ್ತದೆ, ತಲೆ ಎಲ್ಲೋ ಇರುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಮಗಳ ಪುಸ್ತಕವೇ ಬೇಕಾಯಿತು.

ತರಗತಿಯನ್ನು ಅಳೆಯಲು ಮೊದಲು ಒಂದು ಲೆಕ್ಕ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ, ಹದಿನಾರು ವಾರಕ್ಕೆ ಒಟ್ಟು 48 ಗಂಟೆ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ, ಎ1ರಿಂದ ಸಿ2ರವರೆಗಿನ ಆರು ಹಂತಗಳ ಭಾಷಾ ಸಾಮರ್ಥ್ಯದ ಅಳತೆಗೋಲಿನಲ್ಲಿ ಮೊದಲ ಮೆಟ್ಟಿಲಾದ ಎ1ಕ್ಕೆ ಸಾಮಾನ್ಯವಾಗಿ 80ರಿಂದ 100 ಗಂಟೆಗಳ ಕಲಿಕೆ ಬೇಕೆನ್ನುತ್ತಾರೆ. ಅಂದರೆ ಎಷ್ಟೇ ಚೆನ್ನಾಗಿ ಕಲಿಸಿದರೂ ಈ ತರಗತಿ ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಉಳಿದರ್ಧವನ್ನು ವಿದ್ಯಾರ್ಥಿಯೇ ನಡೆಯಬೇಕು. ಹಾಗಾಗಿ ಪಾಠ ಎಷ್ಟು ಚೆನ್ನಾಗಿತ್ತು ಎಂಬುದಕ್ಕಿಂತ, ಮನೆಗೆ ಬಂದ ಮೇಲೆ ಸೋತ ವಿದ್ಯಾರ್ಥಿ ಪುಸ್ತಕವನ್ನು ಹೇಗೆ ಹಿಡಿಯಬೇಕೆಂದು ಇವರು ಕಲಿಸಿದರೇ ಎಂಬುದು ನನಗೆ ಮುಖ್ಯವಾಯಿತು. ಆ ಒಂದು ವಿಷಯದಲ್ಲಿ ಈ ತರಗತಿ ನಾನು ಕೊಟ್ಟ ಹಣಕ್ಕಿಂತ ಹೆಚ್ಚಿನದನ್ನು ಕೊಟ್ಟಿದೆ. ಬೇರೆ ಕೆಲವು ವಿಷಯಗಳಲ್ಲಿ ಹಾಗೆ ಹೇಳಲಾರೆ.

ಮೊದಲ ನಾಲ್ಕು ತರಗತಿಗಳಲ್ಲಿ ಟೀಚರ್ ಪುಸ್ತಕ ತೆರೆಯಲೇ ಬಿಡಲಿಲ್ಲ. ಬರೀ ಕೇಳುವುದು, ಹೇಳುವುದು. 'ಬೋಂಝೂರ್' ಎನ್ನುವಾಗ ನಮ್ಮವರೆಲ್ಲ 'ಬೋನ್ಜೂರ್' ಎಂದು ನಾಲಗೆಯನ್ನು ಹಲ್ಲಿಗೆ ತಾಗಿಸುತ್ತಿದ್ದರು. ಟೀಚರ್ ಪ್ರತಿಯೊಬ್ಬರಿಗೂ ಮೂಗಿನ ಎರಡು ಬದಿಗೂ ಬೆರಳಿಡಲು ಹೇಳಿ, ಸ್ವರ ಹೊರಡುವಾಗ ಅಲ್ಲಿ ನಡುಕ ಬರಬೇಕು, ಆದರೆ ನಾಲಗೆ ಎಲ್ಲಿಯೂ ತಾಗಬಾರದು ಎಂದರು. ಇಪ್ಪತ್ತು ಜನ ಮೂಗು ಹಿಡಿದುಕೊಂಡು ಕುಳಿತ ದೃಶ್ಯ ಹೊರಗಿನಿಂದ ನೋಡಿದವರಿಗೆ ಬೇರೇನೋ ಚಿಕಿತ್ಸೆಯಂತೆ ಕಂಡಿರಬೇಕು. ಅನುಸ್ವಾರವೆಂದರೆ ಮುಂದಿನ ಅಕ್ಷರದ ವರ್ಗದ ಅನುನಾಸಿಕ ಎಂದು ಕಲಿತ ಕನ್ನಡದ ಬಾಯಿಗೆ ಇದು ಕಷ್ಟವೇ. ನಮಗೆ ಸೊನ್ನೆಯ ಹಿಂದೆ ಯಾವಾಗಲೂ ಒಂದು ವ್ಯಂಜನ ಅಡಗಿರುತ್ತದೆ, ಅವರಲ್ಲಿ ಸ್ವರವೇ ಮೂಗಿನಲ್ಲಿ ಹುಟ್ಟುತ್ತದೆ.

ಎರಡನೆಯ ಪೆಟ್ಟು ಕನ್ನಡ ಅಕ್ಷರದ ಉಚ್ಚಾರಕ್ಕೆ ಬಿತ್ತು. ಫ್ರೆಂಚಿನಲ್ಲಿ ನಮ್ಮ 'ಊ'ವಿನಂತಹ ಒಂದು ಸ್ವರವಿದೆ. ಅದಲ್ಲದೆ 'ಈ' ಎನ್ನುತ್ತಾ ತುಟಿಯನ್ನು ಮಾತ್ರ 'ಊ' ಎನ್ನುವಂತೆ ದುಂಡಗೆ ಮಾಡಿದರೆ ಹೊರಡುವ ಇನ್ನೊಂದು ಸ್ವರವೂ ಇದೆ. ಈ ಎರಡನೆಯದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. 'ದೆಸೂ' ಎಂದರೆ ಕೆಳಗೆ. ಅದೇ ಪದವನ್ನು ಆ ಎರಡನೆಯ ಸ್ವರದಿಂದ ಹೇಳಿದರೆ ಮೇಲೆ. ಮಗಳ ಪುಸ್ತಕದಲ್ಲಿ ಎರಡರ ಮೇಲೂ ಪೆನ್ಸಿಲಿನಲ್ಲಿ 'ದೆಸೂ' ಎಂದೇ ಇತ್ತು. ಅಡುಗೆಮನೆಯಲ್ಲಿ ಸಾಸನ್ನು ಮೀನಿನ ಮೇಲೆ ಹಾಕಬೇಕೋ ಕೆಳಗೆ ಹರಡಬೇಕೋ ಎಂದು ಕೇಳಿದರೆ ಈ ಪುಸ್ತಕ ನೋಡಿ ಏನು ಹೇಳುತ್ತೀ ಎಂದು ಟೀಚರ್ ಕೇಳಿದಾಗ ಅವಳಿಗೆ ನಗು ಬಂತು. ಆ ದಿನದಿಂದ ಪೆನ್ಸಿಲ್ ನಿಂತಿತು. ನಾನು ಈ ಬರಹದುದ್ದಕ್ಕೂ ಫ್ರೆಂಚನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಿರುವುದು ಅದೇ ತಪ್ಪು. ಓದುಗರು ಇದನ್ನು ನೋಡಿ ಉಚ್ಚಾರ ಕಲಿಯಬಾರದು.

ಆದರೆ ನಮ್ಮ ಗಡಿನಾಡಿನ ಮಕ್ಕಳಿಗೆ ಒಂದು ಅನುಕೂಲವಿದೆ ಎಂದು ನನಗೆ ಹೊಳೆದದ್ದೂ ಅದೇ ವಾರ. ಫ್ರೆಂಚಿನಲ್ಲಿ ಎರಡು ಬಗೆಯ 'ಎ'ಕಾರಗಳಿವೆ: ಒಂದು ಬಾಯಿಯನ್ನು ಸ್ವಲ್ಪವೇ ತೆರೆದು ಹೇಳುವುದು, ಇನ್ನೊಂದು ಅಗಲವಾಗಿ ತೆರೆದು ಹೇಳುವುದು. ಹುಲ್ಲುಗಾವಲು ಎಂಬ ಪದವೂ ಹತ್ತಿರ ಎಂಬ ಪದವೂ ಕನ್ನಡ ಬರಹದಲ್ಲಿ 'ಪ್ರೆ' ಎಂದೇ ಆಗುತ್ತವೆ, ಬಾಯಿಯಲ್ಲಿ ಮಾತ್ರ ಬೇರೆ ಬೇರೆ. ತುಳುವಿನಲ್ಲಿ 'ಯಾನ್ ಬತ್ತೆ' ಮತ್ತು 'ಆಯೆ ಬತ್ತೆ' ಎನ್ನುವಾಗ ನಾವು ಮಾಡುವುದು ಇದನ್ನೇ; ಬರೆದರೆ ಒಂದೇ, ಆದರೆ ನಾನು ಬಂದೆನೋ ಅವನು ಬಂದನೋ ಎಂಬುದು ಕೊನೆಯ ಸ್ವರದಿಂದಲೇ ತಿಳಿಯುತ್ತದೆ. ಹಿಂದಿನ ಬೆಂಚಿನಿಂದ ಇದನ್ನು ಹೇಳಿದಾಗ ಉಪ್ಪಳದ ಇಬ್ಬರು ಹುಡುಗರು ಕೂಡಲೇ ಸರಿಯಾಗಿ ಉಚ್ಚರಿಸಿದರು. ಟೀಚರಿಗೆ ತುಳು ಬರುತ್ತದೆ, ಆದರೂ ಅದನ್ನು ಫ್ರೆಂಚಿನ ಜೊತೆ ಇಟ್ಟು ನೋಡಿರಲಿಲ್ಲವಂತೆ. ಅವರು ಇದನ್ನು ಸಂತೋಷದಿಂದ ಒಪ್ಪಿಕೊಂಡರು. ವಿದ್ಯಾರ್ಥಿಯ ತಂದೆ ನಡುವೆ ಬಾಯಿ ಹಾಕಿದ್ದಕ್ಕೆ ಮುಖ ಸಿಂಡರಿಸದ ಶಿಕ್ಷಕರು ಸಿಗುವುದು ಅಪರೂಪ.

ಆರನೆಯ ವಾರದ ಶನಿವಾರ ನನ್ನ ಮಟ್ಟಿಗೆ ಇಡೀ 4,000 ರೂಪಾಯಿ ವಸೂಲಾಯಿತು. ಅಂದಿನ ಪಾಠ ಪದಗಳು ಒಂದಕ್ಕೊಂದು ತಾಗಿದಾಗ ಆಗುವ ಬದಲಾವಣೆ. ಇಂಗ್ಲಿಷಿನಲ್ಲಿ ಬರೆದ ನೋಟ್ಸಿನಲ್ಲಿ ಮೂರು ಪುಟ ನಿಯಮಗಳಿದ್ದವು, ತರಗತಿಯ ಮುಖಗಳೆಲ್ಲ ಬಾಡಿದ್ದವು. 'ಝ' ಎಂದರೆ ನಾನು, 'ಎಮ್' ಎಂದರೆ ಪ್ರೀತಿಸುತ್ತೇನೆ. ಎರಡು ಸೇರಿದರೆ 'ಝೆಮ್', ಮೊದಲ ಪದದ ಕೊನೆಯ ಸ್ವರ ಬಿದ್ದುಹೋಗುತ್ತದೆ. ನನಗೆ ತಡೆಯಲಾಗಲಿಲ್ಲ. "ಟೀಚರ್, ಇದು ಲೋಪಸಂಧಿ ಅಲ್ಲವೇ? ಮಾತು, ಇಲ್ಲ, ಮಾತಿಲ್ಲ." ಅವರು ಸುಣ್ಣದ ಕಡ್ಡಿಯನ್ನು ನನ್ನ ಕೈಗೇ ಕೊಟ್ಟು, "ಮಾಷ್ಟ್ರೇ, ನೀವೇ ಬನ್ನಿ" ಎಂದರು.

ಹಲಗೆಯ ಮೇಲೆ ಒಂದೊಂದಾಗಿ ಕೂಡಿಸುತ್ತಾ ಹೋದೆವು. ಅವನಲ್ಲಿ ಇದೆಯೇ ಎಂದು ಕೇಳುವಾಗ 'ಆ' ಮತ್ತು 'ಇಲ್' ಎಂಬೆರಡು ಸ್ವರಾದಿ ಪದಗಳ ನಡುವೆ, ಯಾವ ಪದಕ್ಕೂ ಸೇರದ ಒಂದು ತಕಾರ ಬಂದು ಕುಳಿತು 'ಆತಿಲ್' ಆಗುತ್ತದೆ. ಮನೆ, ಅನ್ನು, ಮನೆಯನ್ನು ಎನ್ನುವಲ್ಲಿ ಯಕಾರ ಬರುವಂತೆಯೇ ಇದೂ ಆಗಮ. 'ವೂ' ಎಂದರೆ ನೀವು. ಅದರ ಬರಹದ ಕೊನೆಯಲ್ಲಿ ಉಚ್ಚರಿಸದ ಒಂದು ಸಕಾರವಿದೆ. ಮುಂದೆ 'ಅವೆ' ಎಂಬ ಸ್ವರಾದಿ ಪದ ಬಂದ ಕೂಡಲೇ ಆ ಸಕಾರಕ್ಕೆ ಜೀವ ಬಂದು, ಅದೂ ಘೋಷವಾಗಿ, 'ವೂಜ಼ವೆ' ಎನಿಸಿಕೊಳ್ಳುತ್ತದೆ. ಮಳೆಗಾಲ, ಬೆಟ್ಟದಾವರೆಗಳಲ್ಲಿ ಕಕಾರ ಗಕಾರವಾಗುವುದು, ತಕಾರ ದಕಾರವಾಗುವುದು ನಮಗೆ ಗೊತ್ತಿರುವಾಗ ಸಕಾರ ಘೋಷವಾದದ್ದಕ್ಕೆ ಬೆರಗೇಕೆ? ಪೂರ್ತಿ ಒಂದೇ ಎನ್ನಲಾಗದು. ನಮ್ಮಲ್ಲಿ ಸಂಧಿ ಬರಹದಲ್ಲೂ ಕಾಣುತ್ತದೆ, ಅವರಲ್ಲಿ ಈ ಕೊನೆಯದು ಕಿವಿಗೆ ಮಾತ್ರ ಕೇಳುತ್ತದೆ. ಆದರೆ ಬಾಯಿಗೆ ಸುಲಭವಾಗಲೆಂದು ಪದದ ತುದಿ ಬದಲಾಗುತ್ತದೆ ಎಂಬ ಕಲ್ಪನೆಯನ್ನು ಕನ್ನಡ ಓದಿದ ಮಕ್ಕಳು ಹೊಸದಾಗಿ ಕಲಿಯಬೇಕಾಗಿಲ್ಲ. ಅದು ಎಂಟನೇ ತರಗತಿಯಿಂದ ಅವರ ತಲೆಯೊಳಗೇ ಇದೆ.

ಕೊನೆಯದನ್ನು ಮಗಳೇ ಕಂಡುಕೊಂಡಳು. 'ಓತೆಲ್' ಎಂಬುದರ ಬರಹದಲ್ಲಿ ಹಕಾರವಿದ್ದರೂ ಅದು ಇಲ್ಲವೆಂದೇ ಲೆಕ್ಕ, ಹಾಗಾಗಿ ಹೋಟೆಲುಗಳು ಎನ್ನಲು ಬಹುವಚನದ 'ಲೇ' ಸೇರಿಸಿ 'ಲೇಜ಼ೋತೆಲ್' ಎಂದು ಕೂಡಿಸಿ ಹೇಳಬೇಕು. ಆದರೆ ಬೀನ್ಸಿಗೆ ಹೇಳುವ 'ಆರಿಕೊ' ಕೂಡ ಬರಹದಲ್ಲಿ ಹಕಾರದಿಂದಲೇ ಆರಂಭವಾಗುತ್ತದೆ, ಉಚ್ಚಾರದಲ್ಲಿ ಅಲ್ಲೂ ಹಕಾರವಿಲ್ಲ, ಆದರೂ ಅದನ್ನು ಕೂಡಿಸುವಂತಿಲ್ಲ. 'ಲೇ ಆರಿಕೊ' ಎಂದು ಬಿಡಿಸಿಯೇ ಹೇಳಬೇಕು. ಇಂತಹ ಪದಗಳನ್ನು ಪಟ್ಟಿಯಾಗಿ ನೆನಪಿಡದೆ ಬೇರೆ ದಾರಿಯಿಲ್ಲ ಎಂದು ಟೀಚರ್ ಹೇಳಿದಾಗ ಮಗಳು ಮೆಲ್ಲಗೆ, "ಅಪ್ಪ, ಪ್ರಕೃತಿಭಾವ" ಎಂದಳು. 'ಆ ಆಡು' ಎನ್ನುವಲ್ಲಿ ಸ್ವರಕ್ಕೆ ಸ್ವರ ಎದುರಾದರೂ ಸಂಧಿಯಾಗದೆ ಉಳಿಯುವುದನ್ನು ನಾನೇ ಅವಳಿಗೆ ಕುಂಬಳೆಯ ಮನೆಯ ಜಗಲಿಯಲ್ಲಿ ಕುಳಿತು ಹೇಳಿಕೊಟ್ಟಿದ್ದೆ. 14 ಅಂಕ ಬಂದ ದಿನದಿಂದ ಫ್ರೆಂಚಿನ ಮಾತೆತ್ತಿದರೆ ತಲೆ ತಗ್ಗಿಸುತ್ತಿದ್ದವಳು ಅಂದು ಮೊದಲ ಬಾರಿಗೆ ಮನೆಗೆ ಬರುವ ದಾರಿಯಲ್ಲಿ ಅದರ ಬಗ್ಗೆ ತಾನಾಗಿ ಮಾತಾಡಿದಳು.

ಲಿಂಗದ ಪಾಠದ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಆರಂಭದ ವಿದ್ಯಾರ್ಥಿಗಳು ಹೆಚ್ಚು ಅಂಕ ಕಳೆದುಕೊಳ್ಳುವುದು ಅಲ್ಲೇ. ಕನ್ನಡದಲ್ಲಿ ಅರ್ಥ ತಿಳಿದರೆ ಲಿಂಗ ತಿಳಿಯಿತು. ಫ್ರೆಂಚಿನಲ್ಲಿ ನಪುಂಸಕವೇ ಇಲ್ಲ, ಚಮಚಕ್ಕೂ ಉಪ್ಪಿಗೂ ಗಂಡೋ ಹೆಣ್ಣೋ ಆಗದೆ ಗತಿಯಿಲ್ಲ. ಹಿಂದಿ ಬಲ್ಲವರು ಅದರ ಲಿಂಗವನ್ನೇ ತಂದು ಹಚ್ಚುತ್ತಾರೆ. ಕುರ್ಚಿ ಮತ್ತು ಮೇಜು ಎರಡು ಭಾಷೆಯಲ್ಲೂ ಸ್ತ್ರೀಲಿಂಗವಾಗಿ ಹೊಂದಿಬಿಡುವುದರಿಂದ ಧೈರ್ಯ ಬರುತ್ತದೆ, ಆಮೇಲೆ ಪುಸ್ತಕವೂ ನೀರೂ ತಲೆಕೆಳಗಾಗಿ ಕೈಕೊಡುತ್ತವೆ. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ 'ದಾರ' ಪುಲ್ಲಿಂಗ, 'ಕಲತ್ರ' ನಪುಂಸಕ, 'ಭಾರ್ಯಾ' ಸ್ತ್ರೀಲಿಂಗ ಎಂಬುದನ್ನು ಕೇಳಿ ಬೆಳೆದ ನನಗೆ ಇದೇನೂ ಅನ್ಯಾಯವೆನಿಸಲಿಲ್ಲ. ಲಿಂಗವಿರುವುದು ವಸ್ತುವಿಗಲ್ಲ, ಪದಕ್ಕೆ.

ಇಲ್ಲಿ ಟೀಚರ್ ಮಾಡಿದ ಜಾಣತನವೆಂದರೆ ಪಠ್ಯಪುಸ್ತಕದ ಪಟ್ಟಿಯನ್ನು ಬಿಟ್ಟು ಮಗಳ ಅಡುಗೆಮನೆಯ ಪದಗಳಿಂದಲೇ ಆರಂಭಿಸಿದ್ದು. ಫೋರ್ಕಿಗೆ 'ಫುರ್ಶೆತ್', ತಟ್ಟೆಗೆ 'ಆಸ್ಯೆತ್', ಕರವಸ್ತ್ರಕ್ಕೆ 'ಸೆರ್ವ್ಯೆತ್', ಮತ್ತೆ 'ಓಮ್ಲೆತ್': 'ಎತ್' ಎಂಬ ಈ ಅಂತ್ಯವಿರುವ ನಾಲ್ಕೂ ಸ್ತ್ರೀಲಿಂಗ. ಚೂರಿಗೆ 'ಕೂತೊ', ಕೇಕಿಗೆ 'ಗಾತೊ', ಹರಿವಾಣಕ್ಕೆ 'ಪ್ಲಾತೊ': ಬರಹದಲ್ಲಿ ಮೂರಕ್ಕೂ ಒಂದೇ ಅಂತ್ಯ, ಮೂರೂ ಪುಲ್ಲಿಂಗ. ಅದೇ ಅಂತ್ಯವಿದ್ದರೂ ನೀರಿನ 'ಓ' ಸ್ತ್ರೀಲಿಂಗವಾಗಿ ಉಳಿದ ಒಂದು ಅಪವಾದ. 'ಕ್ರೆಮ್ ಬ್ರುಲೆ' ಎಂಬ ಸಿಹಿಯ ಹೆಸರನ್ನು ಅವಳು ಕಾಲೇಜಿನಲ್ಲಿ ನೂರು ಸಲ ಬರೆದಿದ್ದಳು. 'ಬ್ರುಲೆ' ಎಂದರೆ ಸುಟ್ಟ, ಅದರ ಕೊನೆಗೆ ಹೆಚ್ಚಿನ ಒಂದು 'ಇ' ಅಕ್ಷರ ಏಕೆ ಬರುತ್ತದೆಂದರೆ 'ಕ್ರೆಮ್' ಸ್ತ್ರೀಲಿಂಗವಾದುದರಿಂದ ಎಂದು ತಿಳಿದದ್ದು ಇಲ್ಲಿ.

ಇದರ ಜೊತೆಗೇ ಹೇಳಿಕೊಟ್ಟ ಒಂದು ಸಣ್ಣ ಉಪಾಯ ಬಹಳ ಉಪಕಾರಕ್ಕೆ ಬಂತು. ಪದವನ್ನು ಒಂಟಿಯಾಗಿ ಕಲಿಯಬೇಡಿ, ಪುಲ್ಲಿಂಗದ 'ಲ' ಅಥವಾ ಸ್ತ್ರೀಲಿಂಗದ 'ಲಾ' ಸೇರಿಸಿಯೇ ಕಲಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸ್ವರದಿಂದ ಆರಂಭವಾಗುವ ಪದದ ಮುಂದೆ ಎರಡೂ ತಮ್ಮ ಸ್ವರವನ್ನು ಕಳೆದುಕೊಂಡು ಬರೀ ಲಕಾರವಾಗುವುದರಿಂದ ಎಣ್ಣೆಯೂ ಈರುಳ್ಳಿಯೂ ಮೊಟ್ಟೆಯೂ ಒಂದೇ ತೆರನಾಗಿ ಕಾಣುತ್ತವೆ, ಲಿಂಗ ಅಡಗಿಬಿಡುತ್ತದೆ. ಅಂಥವನ್ನು 'ಒಂದು' ಎಂಬರ್ಥದ ಪದ ಸೇರಿಸಿ ಕಲಿಯಬೇಕು. ಆಗ ಈರುಳ್ಳಿ ಮತ್ತು ಮೊಟ್ಟೆ ಪುಲ್ಲಿಂಗದ 'ಅಂ' ಜೊತೆಗೆ, ಎಣ್ಣೆ ಸ್ತ್ರೀಲಿಂಗದ 'ಯೂನ್' ಜೊತೆಗೆ ನೆನಪಾಗುತ್ತವೆ.

ಮನೆಯ ಓದಿಗೆ ಕೊಟ್ಟ ಸಾಧನ ಒಂದು ಮಿಠಾಯಿ ಡಬ್ಬಿ. ಅದರೊಳಗೆ ರಟ್ಟಿನಿಂದ ಐದು ಗೂಡು ಮಾಡಬೇಕು, ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಚೀಟಿ ಮಾಡಬೇಕು, ಒಂದು ಬದಿಗೆ ಫ್ರೆಂಚ್, ಇನ್ನೊಂದು ಬದಿಗೆ ಕನ್ನಡ ಬರೆಯಬೇಕು, ಪುಲ್ಲಿಂಗವನ್ನು ನೀಲಿಯಲ್ಲಿ, ಸ್ತ್ರೀಲಿಂಗವನ್ನು ಕೆಂಪಿನಲ್ಲಿ. ಹೊಸ ಚೀಟಿ ಮೊದಲ ಗೂಡಿಗೆ. ಅರ್ಥ ಸರಿಯಾಗಿ ನೆನಪಾದರೆ ಮುಂದಿನ ಗೂಡಿಗೆ ಹೋಗುತ್ತದೆ, ತಪ್ಪಿದರೆ ಯಾವ ಗೂಡಿನಲ್ಲಿದ್ದರೂ ಮೊದಲನೆಯದಕ್ಕೇ ವಾಪಸು. ಮೊದಲ ಗೂಡನ್ನು ದಿನಾಲೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಹೀಗೆ ಮುಂದೆ ಹೋದಂತೆ ಅಂತರ ಹೆಚ್ಚುತ್ತಾ ಐದನೆಯದನ್ನು ತಿಂಗಳಿಗೊಮ್ಮೆ ತೆರೆದರೆ ಸಾಕು. ಇದು ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ಜರ್ಮನ್ ಭಾಷೆಯಲ್ಲಿ ವಿವರಿಸಿದ ವಿಧಾನ. ಮೊಬೈಲಿನಲ್ಲಿ ಇದೇ ಕೆಲಸ ಮಾಡುವ ಆಂಕಿಯಂತಹ ಆ್ಯಪ್‌ಗಳಿವೆ. ಟೀಚರ್ ಅವುಗಳನ್ನು ಬೇಡವೆನ್ನಲಿಲ್ಲ, ಆದರೆ ಮೊದಲ ಇನ್ನೂರು ಪದಗಳನ್ನು ಕೈಯಲ್ಲೇ ಬರೆಯಲು ಹೇಳಿದರು. ನನ್ನ ಅನುಭವದಲ್ಲೂ ಮೊಬೈಲ್ ಕೈಗೆ ಬಂದರೆ ಚೀಟಿ ಮುಗಿಯುವ ಮೊದಲು ಬೇರೇನೋ ತೆರೆದಿರುತ್ತದೆ.

ಹತ್ತು ಸಲ ನಕಲು ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸ ಒಂದೇ: ಇಲ್ಲಿ ಉತ್ತರ ಕಣ್ಣೆದುರು ಇರುವುದಿಲ್ಲ, ನೆನಪಿನ ಬಾವಿಯಿಂದ ಪ್ರತಿ ಸಲವೂ ಸೇದಬೇಕು. ಮಗಳು ಡಬ್ಬಿಯ ಆ ದಿನದ ಗೂಡನ್ನು ರಬ್ಬರ್ ಬ್ಯಾಂಡ್ ಹಾಕಿ ರೈಲಿಗೆ ಒಯ್ಯುತ್ತಿದ್ದಳು. ಹೋಗುವಾಗ ಚೀಟಿ, ಬರುವಾಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಹತ್ತು ನಿಮಿಷದ ಆಲಿಸುವಿಕೆ. ಟಿವಿ5ಮೋಂದ್ ಎಂಬ ಫ್ರೆಂಚ್ ಟಿವಿ ಸಂಸ್ಥೆಯ ಕಲಿಕೆಯ ತಾಣದಲ್ಲಿ ಎ1 ಹಂತದ ಅಭ್ಯಾಸಗಳು ಉಚಿತವಾಗಿ ಸಿಗುತ್ತವೆ. ಒಂದೇ ತುಣುಕನ್ನು ಮೂರು ದಿನ ಕೇಳು, ಮೊದಲ ದಿನ ಬರಹ ನೋಡಬೇಡ ಎಂಬುದು ಟೀಚರ ಕಟ್ಟಪ್ಪಣೆ. ಭಾನುವಾರ ರಾತ್ರಿ ಮೂರು ಗಂಟೆ ಒಟ್ಟಿಗೆ ಕುಳಿತು ಓದುವ ಹಳೆಯ ಅಭ್ಯಾಸವನ್ನು ಅವಳು ಬಿಟ್ಟಳು, ದಿನಕ್ಕೆ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಓದಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ತಿದ್ದುಪಡಿ ಅರ್ಥದ ಭಾಷೆಯದು: ಇಂಗ್ಲಿಷಿನ ಬದಲು ಕನ್ನಡ. ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ಅವಳು ಹಸಿವಾಗಿದೆ ಎನ್ನಲು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು 'ಝ ಸ್ವಿ' ಎಂದು, ಅಂದರೆ 'ನಾನು ಆಗಿದ್ದೇನೆ' ಎಂದು ಆರಂಭಿಸಿ, ನಾನೇ ಹಸಿವು ಎಂಬರ್ಥ ಬರುವಂತೆ ಹೇಳಿ ನಗೆಗೀಡಾಗಿದ್ದಳು. ಫ್ರೆಂಚರಲ್ಲಿ ಹಸಿವು ಇರುವ ವಸ್ತು, ಅದನ್ನು ಹೊಂದಿರುತ್ತಾರೆ. ವಯಸ್ಸೂ ಹಾಗೆಯೇ. 'ನನಗೆ ಹಸಿವಿದೆ', 'ನನಗೆ ಹದಿನೆಂಟು ವರ್ಷ' ಎನ್ನುವ ಕನ್ನಡದ ದಾರಿಯಿಂದ ಹೊರಟಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ. 'ನಾನು ಅವನನ್ನು ನೋಡುತ್ತೇನೆ' ಎಂಬುದಕ್ಕೆ 'ಝ ಲ ವ್ವಾ' ಎನ್ನುವಾಗಲೂ ಅವನನ್ನು ಎಂಬುದು ಕನ್ನಡದಂತೆಯೇ ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ. ನೀನು, ನೀವು ಎಂಬ ಭೇದವಿಲ್ಲದ ಇಂಗ್ಲಿಷಿನ ಮೂಲಕ ಅದೇ ಭೇದವಿರುವ ಫ್ರೆಂಚನ್ನು ಕಲಿಸುವುದು ಕುಂಬಳೆಯಿಂದ ಉತ್ತರದ ಮಂಜೇಶ್ವರಕ್ಕೆ ದಕ್ಷಿಣದ ಕಣ್ಣೂರಿನ ಮೇಲೆ ಹೋದಂತೆ. ಹಾಗೆಂದು ಕನ್ನಡ ಎಲ್ಲ ಕಡೆಯೂ ಒದಗುವುದಿಲ್ಲ. ವಿಶೇಷಣ ಸಾಮಾನ್ಯವಾಗಿ ನಾಮಪದದ ನಂತರ ಬರುವ ಅವರ ಕ್ರಮಕ್ಕೆ ನಾವು ಹೊಸದಾಗಿಯೇ ಒಗ್ಗಬೇಕು.

ಸಂಖ್ಯೆಗಳ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. 70 ಎಂದರೆ ಅರವತ್ತು-ಹತ್ತು, 80 ಎಂದರೆ ನಾಲ್ಕು-ಇಪ್ಪತ್ತು, 97 ಎಂದರೆ ನಾಲ್ಕು-ಇಪ್ಪತ್ತು-ಹತ್ತು-ಏಳು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು ಎಪ್ಪತ್ತಕ್ಕೂ ತೊಂಬತ್ತಕ್ಕೂ ನೇರವಾದ ಪದ ಇಟ್ಟುಕೊಂಡಿದ್ದಾರೆ ಎಂಬುದು ಪರೀಕ್ಷೆಗೆ ಉಪಯೋಗಕ್ಕೆ ಬರದ ಸಮಾಧಾನ. ಹೋಟೆಲಿನ ಬಿಲ್ಲುಗಳನ್ನು ತಂದು ಗಟ್ಟಿಯಾಗಿ ಓದಿಸಿದ್ದರಿಂದ ಎರಡು ವಾರದಲ್ಲಿ ಈ ಭಯ ಹೋಯಿತು.

ಇನ್ನು ಆಕ್ಷೇಪಗಳು. ಮೊದಲನೆಯದು, ಬೇರೆ ಬೇರೆ ಗುರಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದು. ಇಪ್ಪತ್ತು ಜನರಲ್ಲಿ ಏಳೆಂಟು ಮಂದಿ ಕಾಲೇಜಿನ ಪರೀಕ್ಷೆಗೆ ಬಂದವರು, ಉಳಿದವರು ಕೆನಡಾದ ಕನಸು ಹೊತ್ತವರು, ಹೆಚ್ಚಿನವರು ನರ್ಸಿಂಗ್ ಮುಗಿಸಿದವರು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯಲ್ಲಿ ಫ್ರೆಂಚ್ ಬಲ್ಲವರ ವಿಭಾಗಕ್ಕೆ ಆಲಿಸುವಿಕೆ, ಓದು, ಬರಹ, ಮಾತು ಈ ನಾಲ್ಕರಲ್ಲೂ ಅಲ್ಲಿಯ ಫ್ರೆಂಚ್ ಅಳತೆಗೋಲಾದ ಎನ್‌ಸಿಎಲ್‌ಸಿ 7ರ ಮಟ್ಟ ಬೇಕು. ಅದು ಸುಮಾರಾಗಿ ಬಿ2, ಅಂದರೆ ನಾಲ್ಕನೆಯ ಮೆಟ್ಟಿಲು. ಕಟ್ಟಡದ ಕೆಳಗೆ ಹಾಕಿದ ಬೋರ್ಡಿನಲ್ಲಿ ವಿಮಾನದ ಚಿತ್ರದ ಕೆಳಗೆ ನಾಲ್ಕು ತಿಂಗಳೆಂದು ಬರೆದದ್ದು ಮಾತ್ರ ಕಣ್ಣಿಗೆ ಬೀಳುತ್ತದೆ, ಆ ನಾಲ್ಕು ತಿಂಗಳು ಮೊದಲ ಮೆಟ್ಟಿಲಿಗೂ ಸಾಲದು ಎಂಬುದು ಎಲ್ಲಿಯೂ ಇಲ್ಲ. ಟೀಚರ್ ಮೊದಲ ದಿನವೇ ಇದನ್ನು ಬಾಯಿಬಿಟ್ಟು ಹೇಳಿದರು; ಬೋರ್ಡು ಬರೆಸಿದವರು ಬೇರೆ. ಬದಿಯಡ್ಕದ ಒಬ್ಬ ನರ್ಸ್, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲೇ ಬರುತ್ತಿದ್ದವರು, ಐದನೇ ವಾರದ ನಂತರ ಕಾಣಲಿಲ್ಲ. ಅವರಿಗೆ ಶುಲ್ಕದಲ್ಲಿ ಒಂದು ಪೈಸೆಯೂ ಮರಳಿ ಸಿಗಲಿಲ್ಲವೆಂದು ಆಮೇಲೆ ತಿಳಿಯಿತು.

ಎರಡನೆಯದು, ನೋಟ್ಸು. ಜೆರಾಕ್ಸಿನ ಜೆರಾಕ್ಸ್ ಆಗಿ ಬಂದ ಆ ಹಾಳೆಗಳಲ್ಲಿ ಅಕ್ಷರದ ಮೇಲಿನ ಗುರುತುಗಳು ಧೂಳಿನ ಚುಕ್ಕೆಗಳೊಡನೆ ಬೆರೆತುಹೋಗಿವೆ. ಆ ಗುರುತು ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಎಂಬುದರ ಮೇಲೆ ಉಚ್ಚಾರವೂ ಕೆಲವೊಮ್ಮೆ ಅರ್ಥವೂ ನಿಂತಿರುವ ಭಾಷೆಗೆ ಇದು ಸಣ್ಣ ದೋಷವಲ್ಲ. ಮೂರನೆಯದು, ಮಾತಿನ ಅಭ್ಯಾಸ ಸಾಲದು. ಪ್ರತಿ ತರಗತಿಯ ಕೊನೆಗೆ ಹತ್ತು ಸಾಲಿನ ಉಕ್ತಲೇಖನ ತಪ್ಪದೆ ನಡೆಯುತ್ತಿತ್ತು; ತಪ್ಪಿದ ಪದಗಳನ್ನು ಮಾತ್ರ ಬೇರೆ ಪುಸ್ತಕದಲ್ಲಿ, ಏಕೆ ತಪ್ಪಿತೆಂಬ ಕಾರಣದೊಡನೆ ಬರೆಸುತ್ತಿದ್ದರು, ಇದು ಬಹಳ ಒಳ್ಳೆಯದು. ಆದರೆ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತಾಡಲು ದಿನಕ್ಕೆ ಎರಡು ನಿಮಿಷವೂ ಸಿಗಲಿಲ್ಲ. ಫ್ರೆಂಚ್ ಭಾಷೆಯ ಅಧಿಕೃತ ಪ್ರಮಾಣಪತ್ರ ಕೊಡುವ ಡೆಲ್ಫ್ ಎ1 ಪರೀಕ್ಷೆಯಲ್ಲಿ ಆಲಿಸುವಿಕೆ, ಓದು, ಬರಹ, ಮಾತು ತಲಾ 25 ಅಂಕದವು. ಒಟ್ಟು 50 ಬಂದರೆ ಉತ್ತೀರ್ಣ, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆಯಾಗಬಾರದು. ಮಾತನ್ನು ಇಷ್ಟು ಕಡೆಗಣಿಸಿ ಆ ಪರೀಕ್ಷೆಗೆ ಕಳುಹಿಸುವುದು ಸರಿಯಲ್ಲ. ಕರೆಂಟು ಹೋದಾಗ ಫ್ಯಾನಿನ ಜೊತೆಗೆ ಆಡಿಯೋವೂ ನಿಲ್ಲುತ್ತಿತ್ತು. ಇನ್ವರ್ಟರ್ ಆಫೀಸಿಗೆ ಮಾತ್ರವಂತೆ.

ಮಗಳಿಗೆ ಎರಡನೆಯ ಆಂತರಿಕ ಪರೀಕ್ಷೆಯಲ್ಲಿ 50ಕ್ಕೆ 33 ಬಂತು. ಉಕ್ತಲೇಖನದಲ್ಲಿ ಮತ್ತು ಲಿಂಗದ ಪ್ರಶ್ನೆಗಳಲ್ಲಿ ಒಳ್ಳೆಯ ಅಂಕ, ಭೂತಕಾಲದಲ್ಲಿ ಸೋಲು. ಹೋಗು, ಬಾ, ಹುಟ್ಟು, ಸಾಯಿ ಮುಂತಾದ ಕೆಲವು ಕ್ರಿಯಾಪದಗಳು ಭೂತಕಾಲದಲ್ಲಿ ಬೇರೆ ಸಹಾಯಕ ಕ್ರಿಯಾಪದವನ್ನು ಹಿಡಿಯುತ್ತವೆ. ಆ ಪಾಠ ಕೊನೆಯ ವಾರದಲ್ಲಿ ಓಡೋಡಿ ಮುಗಿಯಿತು. ಮೊದಲು ನಾಲ್ಕೇ ಕ್ರಿಯಾಪದ, ಇರು, ಹೊಂದಿರು, ಹೋಗು, ಮಾಡು, ಅವು ನಿದ್ದೆಯಲ್ಲೂ ಬರುವಂತಾದ ಮೇಲೆ ಉಳಿದವು ಎಂದು ಟೀಚರ್ ನಿಧಾನವಾಗಿ ಹೋದದ್ದರ ಬೆಲೆ ಅದು. ಆ ನಿಧಾನವನ್ನು ನಾನು ತಪ್ಪೆನ್ನುವುದಿಲ್ಲ. ಸೋತ ಮಕ್ಕಳಿಗೆ ಬೇಕಾದದ್ದು ಅದೇ. ಆದರೆ ನಾಲ್ಕೈದು ವಾರದಲ್ಲಿ ಪರೀಕ್ಷೆ ಇರುವವರು ಇದನ್ನು ನೆಚ್ಚಿ ಬರಬಾರದು, ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೊಡಲಾಗದವರಂತೂ ಹಣ ಕಟ್ಟಲೇಬಾರದು.

ಎರಡನೇ ಹಂತದ ತರಗತಿ ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ, ಶುಲ್ಕ 9,500 ಎಂದಿದ್ದಾರೆ. ಕಾಲೇಜಿನ ಮಕ್ಕಳನ್ನೂ ಕೆನಡಾಕ್ಕೆ ಹೊರಟವರನ್ನೂ ಬೇರೆ ಮಾಡಿ, ಒಂದು ಗುಂಪಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಜನ ಇಲ್ಲದಿದ್ದರೆ ಮಗಳನ್ನು ಕಳುಹಿಸುತ್ತೇನೆಂದು ಹೇಳಿ ಬಂದಿದ್ದೇನೆ. ಆಫೀಸಿನವರು ನೋಡೋಣ ಎಂದರು. ನಾನು ಮೆಟ್ಟಿಲಿಳಿಯುತ್ತಿದ್ದಾಗ ಟೀಚರ್ ಹಿಂದಿನಿಂದ ಬಂದು, ಸಂಧಿಯ ಆ ಹಲಗೆಯ ಫೋಟೋ ಯಾರಾದರೂ ತೆಗೆದಿದ್ದರೇ, ಮುಂದಿನ ಬ್ಯಾಚಿಗೆ ಬೇಕಿತ್ತು ಎಂದು ಕೇಳಿದರು. ಮಗಳ ಮೊಬೈಲಿನಲ್ಲಿತ್ತು, ಕಳುಹಿಸಿಕೊಟ್ಟೆವು.